ಡಬ್ಬಿಂಗಿಗೆ ಮದ್ದು ಹುಣಸೂರಿನಲ್ಲಿದೆ!

ನಗರದ ಕನ್ನಡ ತರುಣರೇ, ಇವತ್ತು ರಾತ್ರಿ ಊಟದ ಹೊತ್ತಿಗೆ ನಿಮ್ಮ ಮನೆಯ ಟಿ.ವಿ. ಮುಂದೆ ಐದು ನಿಮಿಷ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಚಿತ್ರ ಬೇಡ, ಬರೀ ಮಾತು ಕೇಳಿ. ಅದು ಯಾವ ಊರಿನ ಕನ್ನಡ? ಧಾರವಾಡದ್ದೇ? ಕುಂದಾಪುರದ್ದೇ? ಪಿರಿಯಾಪಟ್ಟಣದ್ದೇ? ಯಾವ ಊರಿನದೂ ಅಲ್ಲ! ಕಣ್ಣು ಬಿಟ್ಟು ನೋಡಿದರೆ ಗುಟ್ಟು ರಟ್ಟಾಗುತ್ತದೆ. ತುಟಿ ಹಿಂದಿಯಲ್ಲಿ ಅಲ್ಲಾಡುತ್ತಿದೆ, ಸದ್ದು ಮಾತ್ರ ಕನ್ನಡದ್ದು. ಚಾನೆಲ್ ಬದಲಾಯಿಸಿ. ಅಲ್ಲಿ ತುಟಿಯೇನೋ ಕನ್ನಡದ್ದೇ, ಆದರೆ ಕಥೆ ಮರಾಠಿಯದ್ದೋ ತೆಲುಗಿನದ್ದೋ, ಮಾತು ಯಾರದೋ ಆಫೀಸಿನಲ್ಲಿ ಅನುವಾದವಾಗಿ ಬಂದದ್ದು.

ಇದು ಒಂದು ದಿನದಲ್ಲಿ ಆದದ್ದಲ್ಲ. ಅರವತ್ತರ ದಶಕದಲ್ಲಿ ಅ.ನ.ಕೃ. ಮೊದಲಾದವರು ಡಬ್ಬಿಂಗ್ ಪಿಡುಗಿನ ವಿರುದ್ಧ ಬೀದಿಗಿಳಿದರು. ಆಗ ಕಟ್ಟಿದ ಬೇಲಿ ಅರ್ಧ ಶತಮಾನ ನಿಂತಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ಬೇಲಿಯೇ ಕಾನೂನುಬಾಹಿರ ಎಂದು ಹೇಳಿ ನಮ್ಮ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. 2020ರಲ್ಲಿ, ಕೊರೊನಾ ಬಂದು ಚಿತ್ರೀಕರಣವೆಲ್ಲ ನಿಂತುಹೋದಾಗ, ಹಿಂದಿಯ ‘ಮಹಾಭಾರತ’ ಕನ್ನಡದ ದನಿ ತೊಟ್ಟು ಸ್ಟಾರ್ ಸುವರ್ಣದಲ್ಲಿ ಬಂತು. ಮನೆಮನೆಯಲ್ಲೂ ಜನ ನೋಡಿದರು. ಹೌದು, ನೋಡಿದರು! ಡಬ್ಬಿಂಗ್ ಬೇಕು ಎಂದು ಕೇಳಿದವರಲ್ಲಿ ಅಪ್ಪಟ ಕನ್ನಡಿಗರೇ ಇದ್ದರು. ‘ಜಗತ್ತಿನ ಒಳ್ಳೆಯದೆಲ್ಲ ನನಗೆ ನನ್ನ ಭಾಷೆಯಲ್ಲೇ ಸಿಗಲಿ’ ಎಂಬ ಅವರ ವಾದದಲ್ಲಿ ಹುರುಳಿಲ್ಲ ಎನ್ನುವವನು ಮೂರ್ಖ. ಆದರೆ ಬೇಲಿ ಇರಬೇಕೋ ಬೇಡವೋ ಎಂದು ಎರಡೂ ಕಡೆಯವರು ಕೂಗಾಡುತ್ತಿದ್ದಾಗ ಒಳಗಿನ ಬೆಳೆಯನ್ನು ನೋಡಿದವರು ಯಾರು? ಬರೆಯುವವನೇ ಇಲ್ಲದ ಮನೆಗೆ ಬೀಗ ಹಾಕಿದರೇನು, ತೆಗೆದರೇನು?

ಮದ್ದು ಎಲ್ಲಿದೆ ಎಂದು ಕೇಳುತ್ತೀರಾ? ಮೈಸೂರಿನಿಂದ ಬಸ್ಸು ಹತ್ತಿ ಹುಣಸೂರಿನಲ್ಲಿ ಇಳಿಯಿರಿ. 1973ರಲ್ಲಿ ಈ ನಾಡಿಗೆ ‘ಕರ್ನಾಟಕ’ ಎಂಬ ಹೆಸರು ಬಂದಾಗ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸರು ಇದೇ ತಾಲೂಕಿನ ಕಲ್ಲಹಳ್ಳಿಯವರು ಎಂಬುದು ನಿಮಗೆ ಗೊತ್ತಿರಬಹುದು. ಹುಣಸೂರು ಕೃಷ್ಣಮೂರ್ತಿ ಗೊತ್ತೇ? ಊರಿನ ಹೆಸರನ್ನೇ ತಲೆಯ ಮೇಲೆ ಹೊತ್ತು ಹೋದ ಮನುಷ್ಯ! ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದ, ನಾಟಕ ಬರೆದ, ಸಿನಿಮಾಕ್ಕೆ ಹೋಗಿ ಸಂಭಾಷಣೆ ಬರೆದ, ಹಾಡು ಬರೆದ, ಕೊನೆಗೆ ನಿರ್ದೇಶಕನ ಕುರ್ಚಿಯಲ್ಲಿ ಕುಳಿತ. ‘ರತ್ನಮಂಜರಿ’, ‘ಭಕ್ತ ಕುಂಬಾರ’, ‘ಬಭ್ರುವಾಹನ’ ಇವೆಲ್ಲ ಆತನ ಕೈಯವು. ಹುಣಸೂರಿನಲ್ಲೇ ಹುಟ್ಟಿದ ಸೋದರಳಿಯನೊಬ್ಬನನ್ನು 1964ರ ‘ವೀರ ಸಂಕಲ್ಪ’ದಲ್ಲಿ ತೆರೆಗೆ ತಂದ. ಆ ಕುಳ್ಳ ಹುಡುಗನೇ ದ್ವಾರಕೀಶ್.

ಈಗ 1965ರ ಕಥೆ ಕೇಳಿ. ತೆಲುಗಿನ ಘಟಾನುಘಟಿ ಕೆ.ವಿ. ರೆಡ್ಡಿ ‘ಸತ್ಯ ಹರಿಶ್ಚಂದ್ರ’ವನ್ನು ಏಕಕಾಲಕ್ಕೆ ಎರಡು ಭಾಷೆಗಳಲ್ಲಿ ತಯಾರಿಸಿದರು. ತೆಲುಗಿನ ಹರಿಶ್ಚಂದ್ರ ಎನ್.ಟಿ. ರಾಮರಾವ್. ಕನ್ನಡದ ಹರಿಶ್ಚಂದ್ರ ರಾಜ್‌ಕುಮಾರ್, ನಿರ್ದೇಶನ ಹುಣಸೂರು ಕೃಷ್ಣಮೂರ್ತಿ. ಹಣ ತೆಲುಗಿನವರದು, ಸಂಗೀತ ಪೆಂಡ್ಯಾಲ ಅವರದು. ಸ್ಮಶಾನದಲ್ಲಿ ಜಾತಿಯ ಹಮ್ಮನ್ನು ಹರಾಜು ಹಾಕುವ ಆ ಹಾಡಿದೆಯಲ್ಲ, ವೀರಬಾಹುವಾಗಿ ಎಂ.ಪಿ. ಶಂಕರ್ ಕುಣಿದದ್ದು, ಅದಕ್ಕೆ ದನಿ ಕೊಟ್ಟವರು ಕೂಡ ತೆಲುಗಿನ ಘಂಟಸಾಲ! ಮತ್ತೆ ಕನ್ನಡದ್ದು ಏನಿತ್ತು? ಮಾತಿತ್ತು. ಹಾಡಿನ ಸಾಹಿತ್ಯವಿತ್ತು. ಅದನ್ನು ಬರೆದವನು ಹುಣಸೂರಿನವನಾಗಿದ್ದ. ಎಂಟು ಶತಮಾನಗಳ ಹಿಂದೆ ರಾಘವಾಂಕ ಕನ್ನಡಿಗರ ಎದೆಯಲ್ಲಿ ನೆಟ್ಟುಹೋದ ಹರಿಶ್ಚಂದ್ರನನ್ನು, ನಾಟಕ ಕಂಪನಿಗಳು ಹಳ್ಳಿಹಳ್ಳಿಗೆ ಹೊತ್ತು ತಿರುಗಿದ ಹರಿಶ್ಚಂದ್ರನನ್ನು ಆತ ಮಾತಾಡಿಸಿದ. ಫಲವೇನು ಗೊತ್ತೇ? ತೆಲುಗು ಚಿತ್ರ ನೆಲಕಚ್ಚಿತು, ಕನ್ನಡ ಚಿತ್ರ ಗೆದ್ದಿತು! 2008ರಲ್ಲಿ ಅದಕ್ಕೆ ಬಣ್ಣ ತುಂಬಿ ಮತ್ತೆ ತೆರೆಗೆ ತಂದರು, ಮತ್ತೆ ಜನ ಬಂದರು. ಆ ವರ್ಷ ಡಬ್ ಮಾಡಿ ಸುಮ್ಮನಾಗಿದ್ದರೆ ಆ ಹಾಡು ಇವತ್ತು ಯಾರ ಬಾಯಲ್ಲಿರುತ್ತಿತ್ತು?

ಎರವಲು ಕಥೆಯ ಬಗ್ಗೆ ನನಗೆ ಮಡಿವಂತಿಕೆ ಇಲ್ಲ ಎಂದು ಇದರಿಂದಲೇ ತಿಳಿಯಿರಿ. 2019ರಲ್ಲಿ ಬಂದ ‘ಜೊತೆ ಜೊತೆಯಲಿ’ ಮರಾಠಿಯ ‘ತುಲಾ ಪಾಹತೇ ರೇ’ದಿಂದ ಬಂದದ್ದು, ಜನ ಮೆಚ್ಚಿದರು, ಸಂತೋಷ. ಆದರೆ ಎರವಲೇ ದಿನದ ಊಟವಾದರೆ ಒಲೆ ಹಚ್ಚುವುದನ್ನು ಮನೆಯವರು ಮರೆಯುತ್ತಾರೆ.

ಕಿರುತೆರೆಯ ನಟನ ಪಾಡು ನೋಡಿ. ಬೆಳಿಗ್ಗೆ ಸೆಟ್ಟಿಗೆ ಹೋಗುತ್ತಾನೆ, ಸೀನ್ ಪೇಪರ್ ಕೈಗೆ ಬರುತ್ತದೆ, ಬಾಯಿಪಾಠ ಮಾಡುತ್ತಾನೆ, ಸಂಜೆ ದಿನಗೂಲಿ ಎಣಿಸಿಕೊಂಡು ಹೋಗುತ್ತಾನೆ. ಅವನ ಬಾಯಲ್ಲಿ ಯಾರ ಮಾತು ಎಂದು ಅವನಿಗೇ ಗೊತ್ತಿಲ್ಲ. ಈ ಗಾಣದಿಂದ ಹೊರಬಂದು ‘ನನ್ನ ಮಾತು ನಾನೇ ಬರೆಯುತ್ತೇನೆ’ ಎಂದವರು ಎಷ್ಟು ಜನ? ಬೆರಳಲ್ಲಿ ಎಣಿಸಬಹುದು. ಎಸ್.ಎನ್. ಸೇತುರಾಂ ಅವರಲ್ಲಿ ಒಬ್ಬರು. ಆದಾಯ ತೆರಿಗೆ ಇಲಾಖೆಯ ಕುರ್ಚಿಯಲ್ಲಿದ್ದ ಮನುಷ್ಯ ಕಿರುತೆರೆಯಲ್ಲಿ ನಟನಾಗಿ ಹೆಸರು ಮಾಡಿದರು. ಅಷ್ಟಕ್ಕೇ ನಿಂತಿದ್ದರೆ ಇನ್ನೊಬ್ಬ ಪೋಷಕ ನಟ ಎಂದು ಮರೆತುಬಿಡುತ್ತಿದ್ದೆವು. ನಿಲ್ಲಲಿಲ್ಲ. ‘ಮಂಥನ’ ಧಾರಾವಾಹಿ ಬರೆದು ನಿರ್ದೇಶಿಸಿದರು. ಅಲ್ಲಿಂದ ರಂಗಕ್ಕೆ ಬಂದು ‘ನಿಮಿತ್ತ’, ‘ಗತಿ’ಯಂಥ ನಾಟಕ ಬರೆದರು, ತಾವೇ ಆಡಿಸಿದರು, ತಾವೇ ಆಡಿದರು. ‘ನಾವಲ್ಲ’ ಎಂಬ ಕಥೆಗಳ ಪುಸ್ತಕವನ್ನೂ ಕೊಟ್ಟರು. ಅವರ ನಾಟಕಕ್ಕೆ ಬೆಳಕಿನ ಆಟ, ಹೊಗೆಯ ಆಟ ಬೇಕಿಲ್ಲ, ಮಾತೇ ಬಂಡವಾಳ. ಮಧ್ಯಮ ವರ್ಗದ ಠಕ್ಕು, ಕಚೇರಿಯ ಕೊಳಕು, ಗಂಡ ಹೆಂಡಿರ ನಡುವಿನ ಸುಳ್ಳು, ಎಲ್ಲಕ್ಕೂ ನೇರ ಏಟು. (ಕೆಲವು ಕಡೆ ಭಾಷಣ ಹೆಚ್ಚಾಯಿತು ಅನ್ನಿಸುತ್ತದೆ, ಆದರೂ ಎದ್ದು ಹೋಗಲು ಮನಸ್ಸು ಬರುವುದಿಲ್ಲ.) ಆ ಮಾತನ್ನು ಯಾರೂ ಹಿಂದಿಯಿಂದ ತರಲಾರರು, ಅಷ್ಟು ಸುಲಭವಾಗಿ ಹಿಂದಿಗೆ ಒಯ್ಯಲೂ ಆರರು.

ಟಿ.ಎನ್. ಸೀತಾರಾಂ ಎದುರು ದಿಕ್ಕಿನಿಂದ ಬಂದವರು. ‘ಆಸ್ಫೋಟ’, ‘ನಮ್ಮೊಳಗೊಬ್ಬ ನಾಜೂಕಯ್ಯ’ ಬರೆದ ನಾಟಕಕಾರ ಕಿರುತೆರೆಗೆ ಬಂದು ‘ಮಾಯಾಮೃಗ’, ‘ಮನ್ವಂತರ’, ‘ಮುಕ್ತ’ ಕೊಟ್ಟರು, ತಾವೇ ಕರಿ ಕೋಟು ತೊಟ್ಟು ಸಿ.ಎಸ್.ಪಿ. ಎಂಬ ವಕೀಲರಾದರು. ಆ ಧಾರಾವಾಹಿಗಳಿಗೆ ಡಬ್ಬಿಂಗಿನ ಭಯವಿತ್ತೇ? ಇರಲಿಲ್ಲ. ಬರೆಯುವವನು ಮನೆಯಲ್ಲಿದ್ದ.

ಇನ್ನು ನಾಲ್ಕು ತಾಲೂಕುಗಳಿಗೆ ಬನ್ನಿ. ಹುಣಸೂರು, ಪಿರಿಯಾಪಟ್ಟಣದ ರೈತ ಹೊಗೆಸೊಪ್ಪು ಬೆಳೆಯುತ್ತಾನೆ. ಪರವಾನಗಿಗೆ ಕಾದು, ಬ್ಯಾರನ್ನಿನ ಒಲೆಗೆ ಸೌದೆ ಹೊಂದಿಸಿ, ರಾತ್ರಿಯೆಲ್ಲ ಶಾಖ ಕಾದು ಸೊಪ್ಪು ಹದ ಮಾಡಿ ಹರಾಜು ಮಾರುಕಟ್ಟೆಗೆ ಒಯ್ದರೆ ಅಲ್ಲಿ ಬೆಲೆ ಕೂಗುವವನು ಬೇರೆ. ಎಚ್.ಡಿ. ಕೋಟೆಯಲ್ಲಿ ಕಬಿನಿ ಅಣೆಕಟ್ಟೆಗೆ ಊರು ಬಿಟ್ಟವರಿದ್ದಾರೆ, ನಾಗರಹೊಳೆ ಕಾಡಿನಿಂದ ಹೊರದಬ್ಬಿಸಿಕೊಂಡ ಜೇನುಕುರುಬರ ಹಾಡಿಗಳಿವೆ. ಕೆ.ಆರ್. ನಗರದ ಭತ್ತದ ಗದ್ದೆ, ಚುಂಚನಕಟ್ಟೆಯ ದನಗಳ ಜಾತ್ರೆ ಇದೆ. ಪಿರಿಯಾಪಟ್ಟಣದ ಕಾಳಗವನ್ನು ಹಾಡಿದ ಜನಪದರಿದ್ದಾರೆ, ಅದು ಯಾವ ಪುರಾಣಕ್ಕೆ ಕಡಿಮೆ? ಇದರಲ್ಲಿ ಒಂದಾದರೂ ರಾತ್ರಿ ಎಂಟೂವರೆಯ ಧಾರಾವಾಹಿಯ ನಡುಮನೆಗೆ ಬಂದಿದೆಯೇ? ‘ಒಸಿ ತಡಿ ಕಣಪ್ಪ’, ‘ಅದ್ಯಾಕ್ಲಾ ಹಂಗಂತೀಯಾ’ ಎಂಬ ಮಾತು ಕೇಳಿಬಂದರೆ ಅದು ಮನೆಗೆಲಸದವಳ ಬಾಯಲ್ಲಿ, ಇಲ್ಲವೇ ನಗಿಸುವ ಡ್ರೈವರನ ಬಾಯಲ್ಲಿ. ಯಜಮಾನನಿಗೆ ಮಾತ್ರ ಊರಿಲ್ಲದ ಕನ್ನಡ! ನಿಮ್ಮ ಅಜ್ಜಿಯ ಮಾತನ್ನು ನಗೆಪಾಟಲು ಮಾಡಿ ನಿಮಗೇ ಮಾರುತ್ತಿದ್ದಾರೆ, ನೀವು ನಗುತ್ತಿದ್ದೀರಿ. ಮೈ ಉರಿಯುವುದಿಲ್ಲವೇ?

ಮೈಸೂರಿನಲ್ಲಿ ಬಿ.ವಿ. ಕಾರಂತರು 1989ರಲ್ಲಿ ರಂಗಾಯಣ ಕಟ್ಟಲು ನಿಂತಾಗ ಹಳ್ಳಿಯ ಹುಡುಗರ ಬಾಯಲ್ಲೇ ಶೇಕ್ಸ್‌ಪಿಯರನೂ ಕುವೆಂಪುವೂ ಮಾತಾಡಬಹುದು ಎಂಬ ಧೈರ್ಯ ಬಂತು. ಅಂಥ ಕಡೆ ಪಳಗಿದವರು ಕಿರುತೆರೆಗೆ ಹೋಗಿ ಸೀನ್ ಪೇಪರಿಗೆ ಕಾಯುತ್ತಾ ಕುಳಿತಿದ್ದಾರೆ. ಅವರ ಕೈಗೆ ಲೇಖನಿ ಕೊಡಿ ಎಂದು ಚಾನೆಲ್ಲುಗಳನ್ನು ಕೇಳುವವರು ಬೇಕು. ಡಬ್ಬಿಂಗ್ ಬೇಡ ಎಂದು ಟಯರು ಸುಡುವುದಕ್ಕಿಂತ ಇದು ಕಷ್ಟದ ಕೆಲಸ, ಫೋಟೋ ಬೇರೆ ಬರುವುದಿಲ್ಲ.

ಆದ್ದರಿಂದ ಚಾನೆಲ್ಲಿನವರಿಗೆ ಪತ್ರ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಕಥೆ ಯಾವ ಭಾಷೆಯದು, ಸಂಭಾಷಣೆ ಯಾರದು ಎಂದು ಪ್ರತಿ ಕಂತಿನಲ್ಲೂ ಓದಲು ಆಗುವಷ್ಟು ಹೊತ್ತು ತೋರಿಸಿ ಎಂದು ಕೇಳಿ. ನಾಟಕಕ್ಕೆ ಪಾಸು ಕೇಳಬೇಡಿ, ಟಿಕೆಟ್ಟು ಕೊಳ್ಳಿ. ಮತ್ತೆ ಸಂಘದ ಹುಡುಗರಿಗೆ ಒಂದು ಮಾತು. ನವೆಂಬರ್ ಬಂತೆಂದರೆ ಚಂದಾ ಎತ್ತಿ ಆರ್ಕೆಸ್ಟ್ರಾ ತರಿಸುತ್ತೀರಲ್ಲ, ಈ ಸಲ ಆ ಹಣವನ್ನು ಹಾಗೇ ಎತ್ತಿಟ್ಟು, ಬರೆದು ಆಡುವ ಒಂದು ತಂಡವನ್ನು ಲಾರಿ ಹತ್ತಿಸಿಕೊಂಡು ಹುಣಸೂರಿಗೆ ಒಂದು ರಾತ್ರಿ, ಪಿರಿಯಾಪಟ್ಟಣಕ್ಕೆ ಒಂದು ರಾತ್ರಿ, ಕೆ.ಆರ್. ನಗರಕ್ಕೆ, ಎಚ್.ಡಿ. ಕೋಟೆಗೆ ಒಂದೊಂದು ರಾತ್ರಿ ಕರೆದುಕೊಂಡು ಹೋಗಿ. ಆಟ ಮುಗಿದ ಮೇಲೆ ಅಲ್ಲಿಯ ಹುಡುಗರು ಏನು ಮಾತಾಡಿಕೊಳ್ಳುತ್ತಾರೆ ಕೇಳಿಸಿಕೊಳ್ಳಿ. ಮುಂದಿನ ನಾಟಕದ ಸಂಭಾಷಣೆ ಅಲ್ಲೇ ಇರುತ್ತದೆ.