ಹಸಿರಾಗುವ ಕಪ್ಪು-ಬಿಳುಪು

ಕಪ್ಪು-ಬಿಳುಪು ಫೋಟೋ ಪ್ರಿಂಟ್ ಹಾಕಿಸೋಕೆ ದುಬಾರಿ ಪ್ರಿಂಟರ್ ಬೇಕು ಅಂತ ಎಲ್ಲರೂ ಅಂದ್ಕೊಂಡಿದಾರೆ. ನಾನು ಕೇಳೋ ಪ್ರಶ್ನೆ ಬೇರೆ: ಅದರೊಳಗೆ ಬೂದು ಬಣ್ಣದ ಇಂಕ್ ಇದೆಯಾ?

ನಮ್ಮ ಕೋರಮಂಡಲ್, ಮಾರಿಕುಪ್ಪಂ ಕಡೆ ಈ ಪ್ರಶ್ನೆಗೆ ಬೆಲೆ ಜಾಸ್ತಿ. ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಒಳಗಿಳಿದು ಕೆಲಸ ಮಾಡಿದವರು ಒಬ್ಬೊಬ್ಬರಾಗಿ ಹೋಗ್ತಿದಾರೆ. ಹೆಲ್ಮೆಟ್ ಹಾಕ್ಕೊಂಡು ನಿಂತ ತಾತನ ಒಂದೇ ಒಂದು ಫೋಟೋ ಇರೋ ಮನೆಗಳಿವೆ. ಅದನ್ನ ಗೆದ್ದಲು ತಿಂದ ಮೇಲೆ, ಗೋಡೆ ಮೇಲಿರೋ ಹೊಸ ಪ್ರಿಂಟೇ ಆ ತಾತ.

ಹಳೇ ಫೋಟೋದಲ್ಲಿ ಇದ್ದದ್ದು ಬೆಳ್ಳಿ. ಅದು ಬಹುಕಾಲ ಉಳೀಲಿ ಅಂತ ಗೋಲ್ಡ್ ಕ್ಲೋರೈಡ್‌ನಲ್ಲಿ ಟೋನಿಂಗ್ ಮಾಡೋ ಪದ್ಧತಿಯೂ ಇತ್ತು (ಚಿನ್ನ ಅಗೆದವರ ಫೋಟೋಗೆ ಆ ಭಾಗ್ಯ ಎಷ್ಟು ಸಿಕ್ಕಿತೋ!). ಈಗಿನ ಕತೆ ನೋಡಿ. ಎಪ್ಸನ್ ಎಲ್805 ಥರದ ಆರು ಬಣ್ಣದ ಟ್ಯಾಂಕ್ ಪ್ರಿಂಟರಿನಲ್ಲಿ ಇರೋದು ಸಯಾನ್, ಮೆಜೆಂಟಾ, ಹಳದಿ, ತಿಳಿ ಸಯಾನ್, ತಿಳಿ ಮೆಜೆಂಟಾ, ಒಂದೇ ಒಂದು ಕಪ್ಪು. ಮದುವೆ ಫೋಟೋಗೆ ಒಳ್ಳೇ ಪ್ರಿಂಟರ್. ಆದ್ರೆ ಬೂದು ಬೇಕು ಅಂದ್ರೆ ಡ್ರೈವರ್ ಬಣ್ಣಗಳನ್ನೇ ಕಲಸಬೇಕು. ಹದ ಒಂಚೂರು ತಪ್ಪಿದ್ರೆ ತಾತನ ಮುಖ ಹಸಿರು, ಇಲ್ಲಾ ಗುಲಾಬಿ. ಅಗ್ಗದ ರೀಫಿಲ್ ಇಂಕ್ ತುಂಬಿದ್ರಂತೂ ಮುಗೀತು. ಡ್ರೈವರಿನ ಲೆಕ್ಕ ಇರೋದೇ ಕಂಪನಿ ಇಂಕಿಗೆ. ಟ್ಯೂಬ್‌ಲೈಟ್ ಕೆಳಗೆ ಸರಿಯಾಗಿ ಕಂಡದ್ದು ಬಿಸಿಲಿಗೆ ತಂದ್ರೆ ಬೇರೆಯೇ ಬಣ್ಣ.

ಹಾಗಾದ್ರೆ ಡ್ರೈವರಿನಲ್ಲಿ ಕಪ್ಪು ಇಂಕ್ ಮಾತ್ರ ಅಂತ ಆರಿಸಿದ್ರೆ? ಬಣ್ಣ ಬರಲ್ಲ, ನಿಜ. ಆದ್ರೆ ತಿಳಿ ಬೂದನ್ನ ತೋರಿಸೋಕೆ ಪ್ರಿಂಟರ್ ಕಪ್ಪು ಚುಕ್ಕಿಗಳನ್ನ ದೂರ ದೂರ ಇಡುತ್ತೆ. ಕೆನ್ನೆ ಮೇಲೆ ಮೆಣಸಿನಪುಡಿ ಚೆಲ್ಲಿದ ಹಾಗೆ ಕಾಣುತ್ತೆ.

ಇನ್ನು ಗಣಿಯೊಳಗೆ ತೆಗೆದ ಫೋಟೋಗಳು. ಅದರಲ್ಲಿ ಇರೋದೇ ನೆರಳು: ಒಂದು ದೀಪ, ಅರ್ಧ ಮುಖ, ಉಳಿದದ್ದು ಕತ್ತಲು. ಆ ಕತ್ತಲಲ್ಲೂ ಬಂಡೆ ಇದೆ, ಮರದ ಊರೆ ಇದೆ, ಹಿಂದೆ ನಿಂತ ಇನ್ನೊಬ್ಬ ಆಳಿದಾನೆ. ಡ್ರೈವರಿನಲ್ಲಿ ಪೇಪರ್ ಯಾವುದು ಅಂತ ತಪ್ಪಾಗಿ ಆರಿಸಿದ್ರೆ ಇಂಕ್ ಹೆಚ್ಚಾಗಿ ಸುರಿದು ಎಲ್ಲಾ ಒಂದೇ ಕಪ್ಪಾಗುತ್ತೆ, ಹಿಂದಿದ್ದವನು ಮಾಯ. 2018ರ 'ಕೆಜಿಎಫ್' ಸಿನಿಮಾ ನೋಡಿದವರಿಗೆ ನಮ್ಮೂರು ಅಂದ್ರೆ ಇದ್ದಿಲು ಕಪ್ಪು. ನಮ್ಮ ಸಯನೈಡ್ ಗುಡ್ಡಗಳ ಬಣ್ಣ ಅದಲ್ಲ ಸ್ವಾಮೀ, ತಿಳಿ ಬೂದು!

ಎಪ್ಸನ್ 2005ರಲ್ಲಿ ಕೆ3 ಅನ್ನೋ ಪಿಗ್ಮೆಂಟ್ ಇಂಕ್ ತಂದಾಗ ಮೂರು ಮಟ್ಟದ ಕಪ್ಪು ಕೊಟ್ಟಿತು, ಜೊತೆಗೆ ಡ್ರೈವರಿನಲ್ಲೇ ಕಪ್ಪು-ಬಿಳುಪಿಗೆ ಪ್ರತ್ಯೇಕ ಮೋಡ್. ಕ್ಯಾನನ್ ಪ್ರೋ-300ರಲ್ಲೂ ಬೂದು ಪಿಗ್ಮೆಂಟ್ ಇದೆ. ಕಪ್ಪು ಪಿಗ್ಮೆಂಟ್ ಅಂದ್ರೆ ಇಂಗಾಲದ ಪುಡಿ, ಅಂದ್ರೆ ದೀಪದ ಕಾಡಿಗೆ. ಕನ್ನಡದಲ್ಲಿ ಮಸಿ ಅನ್ನೋ ಪದ ಕಾಡಿಗೆಗೂ ಶಾಯಿಗೂ ಒಂದೇ ಅಲ್ವಾ? ಡೈ ಇಂಕಿನ ಬಣ್ಣಗಳು ಬೆಳಕಿಗೆ, ಗಾಳಿಗೆ ಒಂದೊಂದು ವೇಗದಲ್ಲಿ ಮಾಸ್ತವೆ, ಅದಕ್ಕೇ ಗೋಡೆ ಮೇಲಿನ ಕಪ್ಪು-ಬಿಳುಪು ಬಣ್ಣಕ್ಕೆ ತಿರುಗೋದು. ಇಂಗಾಲಕ್ಕೆ ಆ ಚಿಂತೆ ಬಹಳ ಕಮ್ಮಿ.

ನಮ್ಮಂಥ ಲಿನಕ್ಸ್ ಮಂದಿಗೆ ಗುಟೆನ್‌ಪ್ರಿಂಟ್ ಇದೆ, ಕೆಲವು ಎಪ್ಸನ್ ಮಾಡೆಲ್‌ಗಳಲ್ಲಿ ಒಂದೊಂದು ಇಂಕನ್ನೂ ಬೇರೆಬೇರೆಯಾಗಿ ಹಿಡಿತಕ್ಕೆ ತರೋಕೆ ಕ್ವಾಡ್‌ಟೋನ್‌ರಿಪ್ ಇದೆ. ಆಡಿ ನೋಡೋಕೆ ಚೆನ್ನ. ಆದ್ರೆ ವರ್ಷಕ್ಕೆ ಹತ್ತು ಫೋಟೋಗೋಸ್ಕರ ಮನೆಗೆ ಪಿಗ್ಮೆಂಟ್ ಪ್ರಿಂಟರ್ ತರಬೇಡಿ ಅಂತಲೇ ನನ್ನ ಅಭಿಪ್ರಾಯ. ಸುಮ್ನೆ ಬಿಟ್ರೆ ಹೆಡ್ ಕಟ್ಟಿಕೊಳ್ಳುತ್ತೆ, ತೊಳೆಯೋಕೇ ಅರ್ಧ ಇಂಕ್ ಹೋಗುತ್ತೆ.

ಬೆಂಗಳೂರಿಗೆ ದಿನಾ ರೈಲಲ್ಲಿ ಹೋಗಿಬರೋರು ನಮ್ಮಲ್ಲಿ ಎಷ್ಟೋ ಜನ ಇದೀವಿ. ಪೆನ್‌ಡ್ರೈವಲ್ಲಿ ಸ್ಕ್ಯಾನ್ ತಗೊಂಡು ಹೋಗಿ, ಅಂಗಡಿಯವರನ್ನ ಪ್ರಿಂಟರ್ ಹೆಸರಿಗಿಂತ ಮೊದಲು ಇವೆರಡು ಕೇಳಿ: ಇಂಕ್ ಪಿಗ್ಮೆಂಟಾ? ಬೂದು ಎಷ್ಟಿದೆ? ದೊಡ್ಡ ಸೈಜಿಗೆ ದುಡ್ಡು ಕೊಡೋ ಮುಂಚೆ ಒಂದು ನಾಲ್ಕು-ಆರು ಇಂಚಿಂದು ಹಾಕಿಸಿ, ಅಂಗಡಿ ಒಳಗೆ ಒಂದ್ಸಲ, ಬಾಗಿಲಾಚೆ ಬಿಸಿಲಲ್ಲಿ ಒಂದ್ಸಲ ನೋಡಿ.