ಹಾಜರಿ ಪುಸ್ತಕದ ಲೆಕ್ಕ, ಕೊಯ್ಲಿನ ಮಕ್ಕಳು



ತೋಟಗಳ ನಡುವಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳೇ ಇಲ್ಲ, ಅವನ್ನು ಮುಚ್ಚಿ ದೊಡ್ಡ ಶಾಲೆಗೆ ಸೇರಿಸಿದರೆ ನಷ್ಟವೇನು ಎಂಬ ಮಾತು ನಮ್ಮವರಲ್ಲಿಯೇ ಕೇಳಿಬರುತ್ತಿದೆ. ಒಪ್ಪುವ ಮುನ್ನ ಲೆಕ್ಕವನ್ನು ಸರಿಯಾಗಿ ನೋಡುವುದು ಒಳಿತು.

2009ರ ಶಿಕ್ಷಣ ಹಕ್ಕು ಕಾಯಿದೆಯಂತೆ 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು ಇರಬೇಕು. ಶಾಲೆಯೊಂದರಲ್ಲಿ 20 ಮಕ್ಕಳಿಗೆ ಇಬ್ಬರು ಶಿಕ್ಷಕರೆಂದು ಇಟ್ಟುಕೊಳ್ಳೋಣ. ಕಾಗದದ ಮೇಲೆ ಒಬ್ಬರಿಗೆ ಹತ್ತೇ ಮಕ್ಕಳು. ಆದರೆ ತರಗತಿಗಳು ಐದು. ಒಬ್ಬರು ತರಬೇತಿಗೋ ಕಚೇರಿ ಕೆಲಸಕ್ಕೋ ಹೋದ ದಿನ ಐದೂ ತರಗತಿಗಳು ಉಳಿದೊಬ್ಬರ ಕೊರಳಿಗೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು ಮೊದಲ ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿ ಕಲಿಸುವ ದಾರಿ ತೋರಿದೆ, ನಿಜ. ಅದಕ್ಕೂ ಶಿಕ್ಷಕರು ಶಾಲೆಯಲ್ಲಿ ಇರಬೇಕಷ್ಟೆ.

ಇನ್ನೊಂದು ಸಂಗತಿ. ದಾಖಲಾತಿ ನಡೆಯುವುದು ಜೂನ್ ಹೊತ್ತಿಗೆ. ಕಾಫಿ ಕೊಯ್ಲು ನವೆಂಬರಿನಿಂದ ಮಾರ್ಚಿಯವರೆಗೆ. ಆಗ ಅಸ್ಸಾಂ, ಜಾರ್ಖಂಡ್, ಉತ್ತರ ಕರ್ನಾಟಕಗಳಿಂದ ಬರುವ ಕುಟುಂಬಗಳ ಮಕ್ಕಳು ಲೈನ್ ಮನೆಗಳಲ್ಲಿರುತ್ತಾರೆ. ಜೂನ್ ತಿಂಗಳ ಪುಸ್ತಕದಲ್ಲಿ ಇವರ ಹೆಸರು ಇರುವುದಿಲ್ಲ. ವರ್ಷದ ಒಟ್ಟು ಮಳೆ ಎಷ್ಟಾದರೇನು, ಹೂಮಳೆ ಸಕಾಲಕ್ಕೆ ಬಾರದಿದ್ದರೆ ಫಸಲಿಲ್ಲವೆಂದು ಬಲ್ಲ ನಾವು ಈ ಲೆಕ್ಕದ ಲೋಪವನ್ನು ತಿಳಿಯಲಾರೆವೇ?

ನಮ್ಮ ಮಕ್ಕಳು, ಮೊಮ್ಮಕ್ಕಳು ವ್ಯಾನಿನಲ್ಲಿ ಪೇಟೆಯ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಅದನ್ನು ತಪ್ಪೆನ್ನುವಂತಿಲ್ಲ. ಆದರೆ ಹತ್ತಿರದ ಶಾಲೆ ಮುಚ್ಚಿದರೆ ಆಷಾಢದ ಮಳೆಯಲ್ಲಿ, ಆನೆ ತಿರುಗುವ ದಾರಿಯಲ್ಲಿ ನಡೆಯಬೇಕಾದವರು ನಮ್ಮ ಆಳುಗಳ ಮಕ್ಕಳು. ನಡೆಯಲಾಗದವರು ಮನೆಯಲ್ಲಿ ಉಳಿಯುತ್ತಾರೆ, ಇಲ್ಲವೇ ತಾಯಿಯ ಜೊತೆ ಕಾಫಿ ಸಾಲಿಗೆ ಬರುತ್ತಾರೆ. ಆ ಹೊಣೆ ಯಾರದು?

ಕಾಯಿದೆ ಮಕ್ಕಳ ಪರವಾಗಿಯೇ ಇದೆ. ವರ್ಷದ ನಡುವೆ ಬಂದರೂ, ವರ್ಗಾವಣೆ ಪತ್ರ ತಡವಾದರೂ, ವಯಸ್ಸಿನ ದಾಖಲೆ ಇಲ್ಲದಿದ್ದರೂ ಸೇರಿಸಿಕೊಳ್ಳದೆ ಇರುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಆದಕಾರಣ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೆ: ಆಳುಗಳು ಬಂದ ವಾರದೊಳಗೆ 6ರಿಂದ 14 ವರ್ಷದ ಮಕ್ಕಳ ಪಟ್ಟಿಯನ್ನು ರೈಟರಿಂದ ಬರೆಸಿ, ಮುಖ್ಯೋಪಾಧ್ಯಾಯರಿಗೆ ತಲುಪಿಸಿ. ಬೆಳಿಗ್ಗೆ ಪೇಟೆಗೆ ಹೋಗುವ ಜೀಪು ಶಾಲೆಯ ಮುಂದೆ ಒಂದು ನಿಮಿಷ ನಿಲ್ಲಲಿ. ಎಲ್ಲ ತೋಟಗಳ ಪಟ್ಟಿ ಒಟ್ಟಾದರೆ, ಶಿಕ್ಷಕರನ್ನು ಉಳಿಸಿಕೊಡಿರೆಂದು ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಕೇಳಲು ನಮ್ಮ ಕೈಯಲ್ಲಿ ಆಧಾರವಿರುತ್ತದೆ.

ಮಕ್ಕಳಿಲ್ಲವೆಂದು ಶಾಲೆ ಮುಚ್ಚುವ ಮೊದಲು, ಇರುವ ಮಕ್ಕಳನ್ನು ಎಣಿಸೋಣ.

— ಕಾರ್ಯದರ್ಶಿ