ಕೌದಿಯ ಅಂಚು

ಕೌದಿಯನ್ನು ಹೊಗಳುವವರು ಬಹುಮಂದಿ. ಅದರ ಅಂಚನ್ನು ನೋಡುವವರು ವಿರಳ. ಬಣ್ಣಬಣ್ಣದ ತುಂಡುಗಳ ನಡುವೆ ಅಡ್ಡಾಡಿದ ಕಣ್ಣು ನಾಲ್ಕು ಕಡೆಯ ಪಟ್ಟಿಯ ಬಳಿಗೆ ಬರುವಷ್ಟರಲ್ಲಿ ದಣಿದಿರುತ್ತದೆ. ಆ ಪಟ್ಟಿ ಅಲ್ಲಲ್ಲಿ ಉಬ್ಬಿ ಅಲೆಯಂತೆ ಎದ್ದಿದ್ದರೂ ನಮ್ಮ ರಸಿಕರಿಗೆ ಬೇಸರವಿಲ್ಲ. "ಜಾನಪದದ ಸೊಗಸೇ ಅದಲ್ಲವೆ?" ಎಂದುಬಿಡುತ್ತಾರೆ. ಈ ಉದಾರವಾದ ಮೆಚ್ಚುಗೆಯನ್ನು ನಾನು ಒಪ್ಪಲಾರೆ. ಅದರಲ್ಲಿ ಪ್ರೀತಿಗಿಂತ ಅಲಕ್ಷ್ಯವೇ ಹೆಚ್ಚೆಂದು ನನ್ನ ಎಣಿಕೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹುಟ್ಟುವುದು ಹಳೆಯ ಸೀರೆ ಧೋತರಗಳಿಂದ. ಪದರದ ಮೇಲೆ ಪದರ ಹಾಸಿ, ಮೇಲೆ ತುಂಡುಗಳನ್ನು ಕೂಡಿಸಿ, ಸಾಲುಸಾಲಾಗಿ ಹೊಲಿದು, ಕೊನೆಗೆ ಅಂಚು ಕಟ್ಟುತ್ತಾರೆ. ಅದುವರೆಗಿನ ಕೆಲಸದಲ್ಲಿ ಕೈಯ ಅಭ್ಯಾಸ ಬಹುಪಾಲು ಸಾಕು. ಅಂಚಿಗೆ ಮಾತ್ರ ಲೆಕ್ಕ ಬೇಕು.

ಅಂಚಿನ ಅಲೆ ಹೇಗೆ ಹುಟ್ಟುತ್ತದೆ ಎಂಬುದನ್ನು ವಿಚಾರಿಸೋಣ. ಬಟ್ಟೆಯೆಂಬುದು ಕಲ್ಲುಚಪ್ಪಡಿಯಲ್ಲ. ಹಾಸಿನ ಎಳೆಯ ಉದ್ದಕ್ಕೆ ಅದು ಅತಿ ಕಡಿಮೆ ಹಿಗ್ಗುತ್ತದೆ. ಹೊಕ್ಕಿನ ಕಡೆಗೆ ತುಸು ಹೆಚ್ಚು. ಓರೆಯಾಗಿ ಎಳೆದರಂತೂ ಎಲ್ಲಕ್ಕಿಂತ ಹೆಚ್ಚು. ತುಂಡುಗಳನ್ನು ಕೂಡಿಸಿದ ಮೇಲ್ಹಾಸಿನ ಬಿಡಿ ಅಂಚು, ಹೊಲಿಯುವಾಗ, ಮಡಿಸುವಾಗ, ಕೈಯಿಂದ ಕೈಗೆ ಸಾಗುವಾಗ ಎಳೆದಾಟಕ್ಕೆ ಸಿಕ್ಕಿರುತ್ತದೆ. ನಡುವಿನಲ್ಲಿ 84 ಅಂಗುಲವಿರುವ ಕೌದಿ ಅಂಚಿನಲ್ಲಿ 85 ಅಂಗುಲ ತೋರಿದರೆ ಆಶ್ಚರ್ಯವಿಲ್ಲ. ಇದಕ್ಕೆ ಉದ್ದನೆಯ ಪಟ್ಟಿಯೊಂದನ್ನು ಅಳೆಯದೆ ತಂದು, ಒಂದು ತುದಿಯಿಂದ ಹೊಲಿಯುತ್ತ ಹೋಗಿ, ಮುಗಿದಲ್ಲಿ ಕತ್ತರಿಸಿದರೆ ಅದು 86 ಅಂಗುಲವನ್ನೂ ನುಂಗೀತು. 84 ಅಂಗುಲದ ಒಡಲಿಗೆ 86 ಅಂಗುಲದ ಅಂಚು! ಮಿಕ್ಕ ಎರಡು ಅಂಗುಲ ಎಲ್ಲಿಗೆ ಹೋಗಬೇಕು? ಪಕ್ಕಕ್ಕೆ ದಾರಿಯಿಲ್ಲ, ಮೇಲಕ್ಕೆ ಏಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಮಲಗುವವನಿಗೆ ಹೇಳಿದ್ದಾರೆ. ಹಾಸಿಗೆಗೆ ಅಂಚು ಕಟ್ಟುವವರಿಗೂ ಅದು ಸಲ್ಲುತ್ತದೆ.

ಆದ್ದರಿಂದ ಬಲ್ಲವರು ಅಂಚಿನ ಅಳತೆಯನ್ನು ಅಂಚಿನಲ್ಲಿ ಕೇಳುವುದಿಲ್ಲ, ನಡುವಿನಲ್ಲಿ ಕೇಳುತ್ತಾರೆ. ಕೌದಿಯನ್ನು ನೆಲದ ಮೇಲೆ ಹರಡಿ, ನಡುಭಾಗದಲ್ಲಿಯೂ ಅದರ ಎರಡು ಪಕ್ಕಗಳಲ್ಲಿಯೂ ಅಳೆದು, ಮೂರರ ಸರಾಸರಿಗೆ ಎರಡು ಪಟ್ಟಿಗಳನ್ನೂ ಸಮನಾಗಿ ಕತ್ತರಿಸುತ್ತಾರೆ. ಪಟ್ಟಿಯನ್ನು ಹಾಸಿನ ಎಳೆಯ ಉದ್ದಕ್ಕೆ ತೆಗೆಯುತ್ತಾರೆ. ಪಟ್ಟಿಯ ನಡುವನ್ನು ಕೌದಿಯ ನಡುವಿಗೆ, ತುದಿಗಳನ್ನು ತುದಿಗಳಿಗೆ ಗುಂಡುಸೂಜಿಯಿಂದ ಹಿಡಿಸಿ, ಉಳಿದ ಹೆಚ್ಚುಕಡಮೆಯನ್ನು ನಡುನಡುವೆ ಸಮವಾಗಿ ಹಂಚುತ್ತಾರೆ. ಯಂತ್ರದಲ್ಲಿ ಹೊಲಿಯುವುದಾದರೆ ತುಸು ಉದ್ದವಾದ ಪದರವನ್ನು ಕೆಳಗಿಡುತ್ತಾರೆ. ಅಲ್ಲಿನ ಹಲ್ಲುಗಳು ಅದನ್ನು ಮುಂದಕ್ಕೆ ಎಳೆದುಕೊಂಡು ಸರಿದೂಗಿಸುತ್ತವೆ. ಉದ್ದದ ಎರಡು ಪಟ್ಟಿಗಳು ಕುಳಿತ ಬಳಿಕವೇ ಅಗಲವನ್ನು ಅಳೆಯುವುದು. ಅಂಚಿಗೆ ಹೊಸ ಬಟ್ಟೆಯಾದರೆ ಮೊದಲು ನೀರಿಗೆ ಹಾಕುತ್ತಾರೆ. ಹಳೆಯ ಸೀರೆ ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ. ಹೊಸದು ಇನ್ನೂ ಕುಗ್ಗಬೇಕಾಗಿರುತ್ತದೆ. ತೊಳೆಯದೆ ಕೂಡಿಸಿದರೆ ಮೊದಲ ಒಗೆತದಲ್ಲಿಯೇ ಅಂಚು ಒಡಲನ್ನು ಹಿಡಿದೆಳೆದು ಸುಕ್ಕುಗಟ್ಟಿಸುತ್ತದೆ.

ಇಷ್ಟೆಲ್ಲ ನಿಯಮ ಹೇಳಿದರೆ ಜನಪದ ಕಲೆಯ ಕೊರಳಿಗೆ ಅಳತೆಪಟ್ಟಿಯ ಉರುಳು ಹಾಕಿದಂತಾಗುವುದಿಲ್ಲವೆ ಎಂದು ಕೇಳುವವರಿದ್ದಾರೆ. ಅವರು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಮಹಿಳೆಯರ ಕವಂದಿಯನ್ನು ನೋಡಬೇಕು. ಆಫ್ರಿಕಾ ಮೂಲದ ಈ ಜನರ ಕೌದಿಯಲ್ಲಿ ಅಂಚು ಕೊನೆಯ ಕೆಲಸವಲ್ಲ, ಮೊದಲ ಕೆಲಸ. ಮೂಲೆಯಿಂದ ಹೊರಟು, ತಳದ ಬಟ್ಟೆಯ ಅಂಚನ್ನು ಹಿಡಿದು ಸುತ್ತುತ್ತ, ತುಂಡಿಗೆ ತುಂಡು ಸೇರಿಸಿ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಹೂ ಇಡದೆ ಕವಂದಿ ಪೂರ್ಣವೆನಿಸದು. ಒಳಗಿನ ಗೆರೆಗಳು ಮನಬಂದಂತೆ ಬಾಗುತ್ತವೆ. ಆದರೆ ಹೊರಗಿನ ಮೇರೆಯನ್ನು ತಳದ ಬಟ್ಟೆಯೇ ಮೊದಲು ನಿಶ್ಚಯಿಸಿರುತ್ತದೆ. ಇಲ್ಲಿ ಟೇಪಿಲ್ಲದಿರಬಹುದು, ಅಳತೆಯಿದೆ. ಬಾಗಿದ ಗೆರೆ ಮಾಡಿದವಳ ಇಚ್ಛೆ. ಉಬ್ಬಿದ ಅಂಚು ಯಾರ ಇಚ್ಛೆಯೂ ಅಲ್ಲ. ಈ ಎರಡನ್ನೂ ಒಂದೇ ಹೆಸರಿನಿಂದ ಹೊಗಳುವುದು ವಿಮರ್ಶೆಯೆನಿಸದು.

1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಕಲಾಸಂಗ್ರಹಾಲಯವು ಅಮೆರಿಕದ ಕೌದಿಗಳನ್ನು ಚಿತ್ರಪಟಗಳಂತೆ ಗೋಡೆಗೆ ತೂಗುಹಾಕಿ ತೋರಿಸಿತು. ಕೌದಿಗೆ ಅದರಿಂದ ಗೌರವ ಬಂದುದು ನಿಜ. ಆದರೆ ಗೋಡೆಯ ಮೇಲೆ ಕಣ್ಣಿಗೆ ಬೀಳುವುದು ಬಣ್ಣ, ವಿನ್ಯಾಸ. ಕೌದಿಯ ನಿಜವಾದ ಪರೀಕ್ಷೆ ನೆಲದ ಮೇಲೆ. ಅಲ್ಲಿ ಚಪ್ಪಟೆಯಾಗಿ ಮಲಗದ ಕೌದಿಯ ಮೇಲೆ ಮಲಗಿದವರಿಗೂ ನೆಮ್ಮದಿಯಿಲ್ಲ. ಉಬ್ಬಿದ ಕಡೆ ಬಟ್ಟೆ ಉಜ್ಜಿ ಬೇಗ ಸವೆಯುತ್ತದೆ.

ನಮ್ಮಲ್ಲಿ ಕೌದಿಯ ಬೆಲೆ ಕಟ್ಟುವವರು ತುಂಡುಗಳನ್ನು ಎಣಿಸುತ್ತಾರೆ, ಬಣ್ಣವನ್ನು ನೋಡುತ್ತಾರೆ. ಅಳೆಯುವುದರಲ್ಲಿ, ಹಿಡಿಸುವುದರಲ್ಲಿ, ಸರಿಯಿಲ್ಲವೆಂದು ಬಿಚ್ಚಿ ಮತ್ತೆ ಹೊಲಿಯುವುದರಲ್ಲಿ ಕಳೆದ ಹೊತ್ತಿಗೆ ಬೆಲೆಯಿಲ್ಲ. ಅಂಚು ಅಲೆಯಾದರೂ ಅಷ್ಟೇ ಹಣ, ಸಮವಾದರೂ ಅಷ್ಟೇ ಹಣ ಎಂದಾದರೆ ಬಡವಳಾದ ಹೊಲಿಯುವವಳು ಯಾವುದನ್ನು ಆರಿಸಿಕೊಂಡಾಳು? ಹೀಗೆ ನಮ್ಮ ಮೆಚ್ಚುಗೆಯೇ ಅವಳ ವಿದ್ಯೆಯನ್ನು ಮೆಲ್ಲಗೆ ಕೊಲ್ಲುತ್ತದೆ.

ಪ್ರದರ್ಶನಗಳ ತೀರ್ಪುಗಾರರು ಕೌದಿಯನ್ನು ಒಮ್ಮೆ ನೆಲಕ್ಕಿಳಿಸಿ ನೋಡಲಿ. ಶಾಲೆಯ ಉಪಾಧ್ಯಾಯರು ಸರಾಸರಿಯ ಪಾಠ ಹೇಳುವಾಗ ಒಂದು ಕೌದಿಯನ್ನು ತರಗತಿಗೆ ತರಲಿ. ಮೂರು ಕಡೆ ಅಳೆದು ಒಂದು ಪಟ್ಟಿ ಕತ್ತರಿಸಿದ ಹುಡುಗನಿಗೆ ಸರಾಸರಿಯೆಂದರೇನೆಂದು ಮತ್ತೆ ಹೇಳಬೇಕಾಗುವುದಿಲ್ಲ. ಕೊಳ್ಳುವವರು ಅಂಚಿನ ಮೇಲೊಮ್ಮೆ ಅಂಗೈ ಆಡಿಸಿ, ಸಮವಾಗಿದ್ದರೆ ನಾಲ್ಕು ಕಾಸು ಹೆಚ್ಚು ಕೊಡಲಿ. ಅಕ್ಷರ ಬಾರದ ಕೈಯೊಂದು ಅಷ್ಟು ಕರಾರುವಾಕ್ಕಾಗಿ ಮಾಡಿದ ಲೆಕ್ಕವನ್ನು ಗುರುತಿಸಲು ಅಕ್ಷರಸ್ಥರಾದ ನಮಗೆ ಅಷ್ಟಾದರೂ ಸಾಧ್ಯವಾಗಬೇಕು.